ಎರಡು ತಿಂಗಳಿಗೆ ತಕ್ಕ ಪ್ರಶ್ನೆ

ವಿಜ್ಞಾನ ಓದುವ ವಿದ್ಯಾರ್ಥಿಯ ಪಾಲಿಗೆ ಬೇಸಿಗೆಯ ರಜೆಯೆಂದರೆ ಹೆಚ್ಚೆಂದರೆ ಎಂಟು ವಾರ. ಅಷ್ಟರಲ್ಲಿ ಅಪರಿಚಿತ ಊರಿಗೆ ಹೋಗಿ, ಅಪರಿಚಿತ ಪ್ರಯೋಗಾಲಯದಲ್ಲಿ ಒಂದು ಮೂಲೆ ಹಿಡಿದು, ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಎದುರಿಸಿ, ಏನನ್ನಾದರೂ ಬರೆದುಕೊಟ್ಟು ಹಿಂದಿರುಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳೊಡನೆ ಕೂಡಿ ಕೊಡುತ್ತ ಬಂದಿರುವ ಬೇಸಿಗೆ ಶಿಷ್ಯವೇತನ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅತಿಥಿ ವಿದ್ಯಾರ್ಥಿ ಯೋಜನೆ, ಪುಣೆಯ ಐಯೂಕಾದ ರಜಾಕಾಲದ ಕಾರ್ಯಕ್ರಮ ಇವೆಲ್ಲ ಹೊರನಾಡಿನ ಕನ್ನಡ ಮನೆಗಳಿಗೆ ಈಗ ಪರಿಚಿತ ಹೆಸರುಗಳೇ. ಮನೆಯಲ್ಲಿ ಬಿ.ಎಸ್ಸಿ. ಓದುವ ಹುಡುಗಿಯೋ ಹುಡುಗನೋ ಇದ್ದರೆ ಚಳಿಗಾಲ ಬರುತ್ತಿದ್ದಂತೆ ಅರ್ಜಿಯ ಮಾತು ಏಳುತ್ತದೆ. ಆದರೆ ಆ ಮಾತು ಬಹುಮಟ್ಟಿಗೆ ಸಂಸ್ಥೆಯ ಹೆಸರಿನ ಸುತ್ತಲೇ ಸುತ್ತುತ್ತದೆ. ಯಾವ ಸಂಸ್ಥೆ, ಯಾವ ಊರು, ಉಳಿಯಲು ಕೋಣೆ ಸಿಗುತ್ತದೆಯೇ, ಮುಂದೆ ವಿದೇಶಕ್ಕೆ ಹೋಗಲು ಇದು ನೆರವಾದೀತೇ? ಎಂಟು ವಾರಗಳಿಗೆ ಯಾವ ಪ್ರಶ್ನೆ ತಕ್ಕದ್ದು ಎಂಬುದನ್ನು ಕೇಳುವವರು ವಿರಳ. ಈ ಆಯ್ಕೆಗೂ ಒಂದು ಇತಿಹಾಸವಿದೆ. ಅದರಿಂದ ಮೂರು ನಾಲ್ಕು ರಜೆಗಳನ್ನು ಮಾತ್ರ ಇಲ್ಲಿ ನೋಡಬಯಸುತ್ತೇನೆ.

ಮೊದಲನೆಯದು ಬೇಸಿಗೆಯ ರಜೆಯೂ ಅಲ್ಲ, ಅದಕ್ಕಿಂತ ಚಿಕ್ಕದಾದ ಈಸ್ಟರ್ ರಜೆ. 1856ನೆಯ ಇಸವಿ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ಹುಡುಗ ಜರ್ಮನಿಯಿಂದ ಬಂದ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ನರ ಶಿಷ್ಯ. 15ನೆಯ ವಯಸ್ಸಿಗೇ ಕಾಲೇಜು ಸೇರಿದ್ದ ಅವನನ್ನು ಗುರುಗಳು ಸಹಾಯಕನನ್ನಾಗಿ ಮಾಡಿಕೊಂಡಿದ್ದರು. ಹಗಲೆಲ್ಲ ಗುರುಗಳ ಕೆಲಸವೇ ಆಗುತ್ತಿದ್ದುದರಿಂದ ತನ್ನದೆನ್ನುವ ಸಂಶೋಧನೆಗೆ ಅವನಿಗೆ ಸಿಗುತ್ತಿದ್ದುದು ಸಂಜೆಗಳು ಮತ್ತು ರಜೆಗಳು ಮಾತ್ರ. ಪೂರ್ವ ಲಂಡನ್ನಿನ ತಂದೆಯ ಮನೆಯ ಮೇಲಂತಸ್ತಿನಲ್ಲಿ ಅವನೊಂದು ಪುಟ್ಟ ಪ್ರಯೋಗಾಲಯ ಹೂಡಿಕೊಂಡಿದ್ದ.

ಆ ರಜೆಗೆ ಅವನು ಆರಿಸಿಕೊಂಡ ಪ್ರಶ್ನೆ ಸಣ್ಣದಾಗಿರಲಿಲ್ಲ. ಮಲೇರಿಯಾಕ್ಕೆ ಆಗ ಇದ್ದ ಮದ್ದು ಕ್ವಿನೈನ್ ಒಂದೇ. ಅದು ಬರುತ್ತಿದ್ದುದು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ. ಭಾರತದಂಥ ಜ್ವರದ ನಾಡುಗಳಲ್ಲಿ ಸೈನ್ಯ ಇಟ್ಟುಕೊಂಡಿದ್ದ ಬ್ರಿಟಿಷರಿಗೆ ಅದು ಎಷ್ಟಿದ್ದರೂ ಸಾಲದು. ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಎದ್ದದ್ದು ಕೆಲವೇ ವರ್ಷಗಳ ಅನಂತರ, ಇದೇ ಅವಸರದಿಂದ. ಕ್ವಿನೈನನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಲಾದರೆ ಎಷ್ಟು ಚೆನ್ನ ಎಂದು ಹಾಫ್‌ಮನ್ ಕೆಲವು ವರ್ಷಗಳ ಹಿಂದೆಯೇ ಬರೆದಿದ್ದರು. ಶಿಷ್ಯ ಅದನ್ನು ಹಿಡಿದುಕೊಂಡ.

ಅವನು ನಡೆದ ದಾರಿ ಇಂದಿನ ರಸಾಯನ ವಿದ್ಯಾರ್ಥಿಗೆ ನಗು ತರಿಸೀತು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಕ್ವಿನೈನಿನ ಒಂದು ಅಣುವಿನಲ್ಲಿ 20 ಇಂಗಾಲ, 24 ಜಲಜನಕ, 2 ಸಾರಜನಕ, 2 ಆಮ್ಲಜನಕದ ಪರಮಾಣುಗಳಿವೆ. ಕಲ್ಲಿದ್ದಲಿನ ಟಾರಿನಿಂದ ದೊರೆಯುವ ಟಾಲ್ವಿಡೀನಿನಿಂದ ಮಾಡಬಹುದಾದ ಅಲೈಲ್ ಟಾಲ್ವಿಡೀನ್ ಎಂಬ ವಸ್ತುವಿನಲ್ಲಿ 10 ಇಂಗಾಲ, 13 ಜಲಜನಕ, 1 ಸಾರಜನಕ. ಇದರ ಎರಡು ಅಣುಗಳನ್ನು ಕೂಡಿಸಿ, ಸ್ವಲ್ಪ ಆಮ್ಲಜನಕ ಕೊಟ್ಟು, ಒಂದು ಅಣು ನೀರನ್ನು ಹೊರಹಾಕಿದರೆ ಲೆಕ್ಕ ಸರಿಹೋಗುತ್ತದೆ! ಪರಮಾಣುಗಳು ಅಣುವಿನೊಳಗೆ ಹೇಗೆ ಜೋಡಿಸಿಕೊಂಡಿರುತ್ತವೆ ಎಂಬ ಕಲ್ಪನೆಯೇ ಆಗ ಇನ್ನೂ ಮೂಡಿರಲಿಲ್ಲ. ಕೂಡಿಸಿ ಕಳೆಯುವ ಅಂಕಗಣಿತವಷ್ಟೇ ಇತ್ತು. ಒಂದು ಮನೆಯ ಇಟ್ಟಿಗೆಗಳನ್ನು ಎಣಿಸಿ, ಅಷ್ಟೇ ಇಟ್ಟಿಗೆಗಳ ರಾಶಿ ಹಾಕಿದರೆ ಅದೇ ಮನೆ ಎದ್ದು ನಿಲ್ಲುತ್ತದೆ ಎಂದು ನಂಬಿದ ಹಾಗೆ. ಕ್ವಿನೈನಿನ ರಚನೆ ತಿಳಿದದ್ದು 1908ರಲ್ಲಿ. ಅದರ ಸಂಶ್ಲೇಷಣೆಯ ದಾರಿಯನ್ನು ಅಮೆರಿಕದ ವುಡ್‌ವರ್ಡ್ ಮತ್ತು ಡೋರಿಂಗ್ ಪ್ರಕಟಿಸಿದ್ದು 1944ರಲ್ಲಿ. ಹುಡುಗನೊಬ್ಬ ಈಸ್ಟರ್ ರಜೆಗೆಂದು ಎತ್ತಿಕೊಂಡ ಕೆಲಸಕ್ಕೆ ಜಗತ್ತಿನ ಶ್ರೇಷ್ಠ ರಸಾಯನಜ್ಞರಿಗೆ 88 ವರ್ಷ ಹಿಡಿಯಿತು.

ಅಲೈಲ್ ಟಾಲ್ವಿಡೀನಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದಾಗ ಪರ್ಕಿನ್ನನಿಗೆ ಸಿಕ್ಕಿದ್ದು ಬಿಳಿಯ ಕ್ವಿನೈನ್ ಅಲ್ಲ, ಕೊಳಕು ಕೆಂಗಂದು ಬಣ್ಣದ ಗಸಿ. ರಜೆಯ ಸಂಶೋಧನೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಇತಿಹಾಸಕಾರರು ಅವನ ಅದೃಷ್ಟವನ್ನು ಹೊಗಳುವ ಭರದಲ್ಲಿ ಸಾಮಾನ್ಯವಾಗಿ ಬೇಗ ದಾಟಿಹೋಗುವ ಒಂದು ಹೆಜ್ಜೆ ಇಲ್ಲಿದೆ. ಅವನು ಪ್ರಶ್ನೆಯನ್ನು ಬದಲಾಯಿಸಿದ. ಕ್ವಿನೈನ್ ಬೇಕೆಂಬ ಹಟವನ್ನು ಬದಿಗಿಟ್ಟು, ಈ ಜಾತಿಯ ವಸ್ತುಗಳಿಗೆ ಡೈಕ್ರೋಮೇಟ್ ಸೇರಿಸಿದಾಗ ಆಗುವುದಾದರೂ ಏನು ಎಂದು ಕೇಳಿಕೊಂಡ. ಅದನ್ನು ತಿಳಿಯಲು ಅದೇ ಬಗೆಯ, ಇನ್ನೂ ಸರಳವಾದ ಅನಿಲೀನನ್ನು ತೆಗೆದುಕೊಂಡು ಪ್ರಯೋಗವನ್ನು ಮತ್ತೆ ಮಾಡಿದ. ಈ ಸಲ ಬಂದದ್ದು ಕಪ್ಪು ಗಸಿ. ಅದನ್ನು ಮದ್ಯಸಾರದಲ್ಲಿ ಕರಗಿಸಿದಾಗ ದ್ರಾವಣ ನೇರಳೆ ಬಣ್ಣಕ್ಕೆ ತಿರುಗಿತು. ಅವನ ಅನಿಲೀನ್ ಶುದ್ಧವಾಗಿರಲಿಲ್ಲ, ಅದರಲ್ಲಿ ಟಾಲ್ವಿಡೀನ್ ಬೆರೆತಿತ್ತು. ಶುದ್ಧವಾಗಿದ್ದಿದ್ದರೆ ಆ ಬಣ್ಣ ಹುಟ್ಟುತ್ತಲೇ ಇರಲಿಲ್ಲ. ಇದು ಅದೃಷ್ಟವೇ ಹೌದು. ಆದರೆ ಕಠಿಣವಾದುದರಿಂದ ಸರಳವಾದುದಕ್ಕೆ ಇಳಿಯುವ ತೀರ್ಮಾನ ಅದೃಷ್ಟದ್ದಲ್ಲ. ನಿಜವಾದ ಆಯ್ಕೆ ನಡೆದದ್ದು ರಜೆಯ ಮೊದಲ ದಿನ ಅಲ್ಲ, ಮೊದಲ ಸೋಲಿನ ಮರುದಿನ ಎಂದು ನನಗೆ ತೋರುತ್ತದೆ.

ಬಣ್ಣದಲ್ಲಿ ಅದ್ದಿದ ರೇಷ್ಮೆಯ ತುಂಡು ಸ್ಕಾಟ್ಲೆಂಡಿನ ಪರ್ತ್ ಊರಿನ ಪುಲ್ಲರ್ ಬಣ್ಣಗಾರರ ಕೈ ಸೇರಿತು. ಅವರು ಮೆಚ್ಚಿ ಬರೆದರು. ಆಗಸ್ಟ್ ತಿಂಗಳಲ್ಲಿ ಪರ್ಕಿನ್ ಪೇಟೆಂಟ್ ಪಡೆದ, ಗುರುಗಳ ಮನಸ್ಸಿಗೆ ವಿರುದ್ಧವಾಗಿ ಕಾಲೇಜು ಬಿಟ್ಟ, ಮರುವರ್ಷ ತಂದೆ ಮತ್ತು ಅಣ್ಣನೊಡನೆ ಗ್ರೀನ್‌ಫರ್ಡಿನಲ್ಲಿ ಕಾರ್ಖಾನೆ ತೆರೆದ. ಕೃತಕ ಬಣ್ಣಗಳ ಉದ್ಯಮದ ಮೊದಲ ಅಧ್ಯಾಯ ಅದು. ಆ ಉದ್ಯಮ ಮುಂದೆ ಬೆಳೆದು ಬಂಗಾಳದ, ಬಿಹಾರದ ನೀಲಿ ಬೆಳೆಯನ್ನು ಹೇಗೆ ನುಂಗಿತೆಂಬುದು ಇನ್ನೊಂದು ಬರೆಹಕ್ಕೆ ಸಾಮಗ್ರಿ.

ಇದಕ್ಕೆ ತದ್ವಿರುದ್ಧವೆನಿಸುವ ಇನ್ನೊಂದು ರಜೆಯನ್ನು ಈಗಲೇ ಹೇಳಿಬಿಡುತ್ತೇನೆ, ಕಾಲಕ್ರಮ ತಪ್ಪಿದರೂ ಚಿಂತೆಯಿಲ್ಲ. 1966ರ ಜುಲೈ 7ರಂದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಗುಂಪಿನಲ್ಲಿ ಸೀಮೋರ್ ಪೇಪರ್ಟ್ ಕೆಲವೇ ಪುಟಗಳ ಟಿಪ್ಪಣಿಯೊಂದನ್ನು ಹೊರಡಿಸಿದರು. ಅದರ ಹೆಸರು ಬೇಸಿಗೆಯ ದೃಷ್ಟಿ ಯೋಜನೆ. ಬೇಸಿಗೆಗೆಂದು ಬಂದ ವಿದ್ಯಾರ್ಥಿಗಳನ್ನು ಪರಿಣಾಮಕಾರಿಯಾಗಿ ಬಳಸಿಕೊಂಡು ಕಂಪ್ಯೂಟರಿಗೆ ಕಣ್ಣು ಕೊಡುವ ವ್ಯವಸ್ಥೆಯ ಬಹುಭಾಗವನ್ನು ಕಟ್ಟುವುದು ಅದರ ಉದ್ದೇಶ. ಜುಲೈ ತಿಂಗಳಲ್ಲಿ ಕ್ಯಾಮೆರಾದ ಚಿತ್ರದಲ್ಲಿ ವಸ್ತು ಯಾವುದು, ಹಿನ್ನೆಲೆ ಯಾವುದು ಎಂದು ಬೇರ್ಪಡಿಸುವುದು. ಮೊದಲಿಗೆ ಚೆಂಡು, ಇಟ್ಟಿಗೆ, ಉರುಳೆಯಂಥ ಸರಳ ವಸ್ತುಗಳು, ಆಮೇಲೆ ಉಪಕರಣಗಳು, ಬಟ್ಟಲುಗಳು. ಬೇಸಿಗೆ ಕಳೆಯುವ ಹೊತ್ತಿಗೆ ಕಂಡ ವಸ್ತುವಿನ ಹೆಸರು ಹೇಳುವುದು. ಕೆಲಸವನ್ನು ಸ್ವತಂತ್ರ ತುಂಡುಗಳಾಗಿ ಹಂಚಬಹುದು, ಒಬ್ಬೊಬ್ಬರು ಒಂದೊಂದನ್ನು ಮಾಡಬಹುದು ಎಂಬುದೇ ಈ ಸಮಸ್ಯೆಯನ್ನು ಆರಿಸಿಕೊಳ್ಳಲು ಕಾರಣವಾಗಿತ್ತು. ಗುಂಪಿನ ಹೊಣೆ ಹೊತ್ತವನು ಜೆರಾಲ್ಡ್ ಸಸ್‌ಮನ್ ಎಂಬ ವಿದ್ಯಾರ್ಥಿ.

ಬೇಸಿಗೆ ಮುಗಿಯಿತು, ಸಮಸ್ಯೆ ಮುಗಿಯಲಿಲ್ಲ. ಚಿತ್ರದಲ್ಲಿರುವ ಸಾಮಾನ್ಯ ವಸ್ತುವನ್ನು ಗುರುತಿಸಿ ಹೆಸರಿಸುವುದರಲ್ಲಿ ಕಂಪ್ಯೂಟರುಗಳು ತಕ್ಕಮಟ್ಟಿಗೆ ನಂಬಿಕೆಗೆ ಅರ್ಹವಾದದ್ದು 2012ರ ಆಚೀಚೆ, ಬೇರೆಯದೇ ಆದ ದಾರಿಯಿಂದ. ಈ ಟಿಪ್ಪಣಿಯನ್ನು ಇಂದಿಗೂ ತರಗತಿಗಳಲ್ಲಿ ತಮಾಷೆಯ ಉದಾಹರಣೆಯಾಗಿ ತೋರಿಸುವುದುಂಟು. ತಮಾಷೆಯ ಪಾಲು ವಿದ್ಯಾರ್ಥಿಗಳದ್ದಲ್ಲ. ಪೇಪರ್ಟ್ ಸಾಮಾನ್ಯರಲ್ಲ, ಆ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರು. ಮನುಷ್ಯನಿಗೆ ಸುಲಭವಾಗಿ ಬರುವ ಕೆಲಸ ಯಂತ್ರಕ್ಕೂ ಸುಲಭವೆಂದು ಬಗೆಯುವುದು ಬಲ್ಲವರೇ ಮಾಡಬಹುದಾದ ಅಂದಾಜು. ಚದುರಂಗ ಕಷ್ಟ, ನೋಡುವುದೇನು ಮಹಾ, ಹಸುಗೂಸೂ ನೋಡುತ್ತದೆ ಎಂಬ ಭಾವ. ಹೊಸ ಕ್ಷೇತ್ರದಲ್ಲಿ ಒಂದು ಪ್ರಶ್ನೆಯ ಗಾತ್ರವನ್ನು ಅಳೆಯುವ ಕೋಲು ಯಾರ ಕೈಯಲ್ಲೂ ಇರುವುದಿಲ್ಲ. ಅದು ಗುರುವಿನ ಕೈಯಲ್ಲಿದೆ ಎಂದು ನಂಬಿ ಶಿಷ್ಯ ಹೊರಡುತ್ತಾನೆ. ಜೀವಶಾಸ್ತ್ರಜ್ಞ ಪೀಟರ್ ಮೆಡಾವರ್ ಮರುವರ್ಷ, 1967ರಲ್ಲಿ, ತಮ್ಮ ಪ್ರಬಂಧ ಸಂಕಲನವೊಂದಕ್ಕೆ ‘ಬಿಡಿಸಬಲ್ಲುದರ ಕಲೆ’ ಎಂಬ ಅರ್ಥ ಬರುವ ಹೆಸರಿಟ್ಟರು. ವಿಜ್ಞಾನಿಯ ಜಾಣ್ಮೆ ಇರುವುದು ದೊಡ್ಡ ಪ್ರಶ್ನೆಗೆ ತಲೆ ಚಚ್ಚಿಕೊಳ್ಳುವುದರಲ್ಲಲ್ಲ, ಈ ಹೊತ್ತಿನ ಸಲಕರಣೆಗಳಿಂದ ಬಿಡಿಸಬಹುದಾದ ಪ್ರಶ್ನೆ ಯಾವುದೆಂದು ಗುರುತಿಸುವುದರಲ್ಲಿ ಎಂಬುದು ಅವರ ನಿಲುವು. ಆ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಿಡಿಸಬಹುದಾದುದನ್ನೇ ಆರಿಸಿದ್ದರೆ ಪರ್ಕಿನ್ ಕ್ವಿನೈನಿನ ಹತ್ತಿರ ಸುಳಿಯುತ್ತಿರಲಿಲ್ಲ. ಅವನ ಪ್ರಶ್ನೆಗೂ ಪೇಪರ್ಟರ ಪ್ರಶ್ನೆಗೂ ಗಾತ್ರದಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಸೋಲು ಎಷ್ಟು ಬೇಗ ಗೊತ್ತಾಗುತ್ತಿತ್ತು ಎನ್ನುವುದರಲ್ಲಿ. ಒಂದು ಬಟ್ಟಲಿನಲ್ಲಿ ಒಂದು ಸಂಜೆ, ಅಷ್ಟೇ. ಉಳಿದ ರಜೆಯೆಲ್ಲ ಇನ್ನೊಂದು ಪ್ರಶ್ನೆಗೆ ಮಿಕ್ಕಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಬಿಡುವಿನ ವೇಳೆಯಲ್ಲಿ ವಿಜ್ಞಾನ ಮಾಡುವುದನ್ನು ಒಂದು ಪದ್ಧತಿಯಾಗಿಸಿದವರು ಸಿ.ವಿ. ರಾಮನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ, ಸಾಮಾನ್ಯ ರೋಹಿತಮಾಪಕದಲ್ಲಿ ಪಟ್ಟಕದ ಕೋನವನ್ನು ಅಳೆಯುವ ಮಾಮೂಲಿ ಪ್ರಯೋಗ ಮಾಡುತ್ತ ಅವರು ಪುಸ್ತಕದಲ್ಲಿಲ್ಲದ ಬೆಳಕಿನ ಪಟ್ಟೆಗಳನ್ನು ಕಂಡರು. ಅದರ ಮೇಲೆ ಬರೆದ ಲೇಖನ 1906ರ ನವೆಂಬರಿನಲ್ಲಿ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾದಾಗ ಅವರ ವಯಸ್ಸು 18. ಪರೀಕ್ಷೆಗೆಂದು ಎಲ್ಲರೂ ಮಾಡುವ ಪ್ರಯೋಗದ ಅಂಚಿನಲ್ಲಿಯೇ ಪ್ರಶ್ನೆ ಇತ್ತು, ಅದಕ್ಕಾಗಿ ಹೊಸ ಉಪಕರಣವೇನೂ ಬೇಕಾಗಲಿಲ್ಲ. 1907ರಲ್ಲಿ ಕಲ್ಕತ್ತೆಗೆ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಹೋದಾಗಲೂ ಅವರ ವಿಜ್ಞಾನ ನಡೆದದ್ದು ಕಚೇರಿಗೆ ಮುಂಚಿನ ಬೆಳಗಿನಲ್ಲಿ, ಕಚೇರಿಯ ಅನಂತರದ ಸಂಜೆಯಲ್ಲಿ, 210 ಬೌಬಜಾರ್ ರಸ್ತೆಯ ವಿಜ್ಞಾನ ಸಂಘದ ಕಟ್ಟಡದಲ್ಲಿ. ಅವರು ಮೊದಲ ಹತ್ತು ವರ್ಷ ಆರಿಸಿಕೊಂಡ ವಿಷಯಗಳನ್ನು ಗಮನಿಸಿ: ತಂತಿಗಳ ಕಂಪನ, ಪಿಟೀಲು, ಆಮೇಲೆ ವೀಣೆ, ತಂಬೂರಿ, ಮೃದಂಗ. ಸಂಗೀತದ ಪ್ರೀತಿ ಇತ್ತು, ನಿಜ. ಆದರೆ ತುಂಡು ತುಂಡು ಸಮಯದಲ್ಲಿ, ಕೈಗೆಟುಕುವ ಸಾಮಾನಿನಲ್ಲಿ ಮಾಡಬಹುದಾದ ಭೌತಶಾಸ್ತ್ರವೂ ಅದೇ ಆಗಿತ್ತು.

1921ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ನಿನ ನೀಲಿ ಅವರನ್ನು ಹಿಡಿದ ಕಥೆ ಎಲ್ಲರಿಗೂ ಗೊತ್ತು. ಮುಂಬೈಯ ಓದುಗರಿಗೆ ಪ್ರಿಯವಾಗಬಹುದಾದ ಒಂದು ವಿವರ ಮಾತ್ರ ಹೇಳುತ್ತೇನೆ. ಆ ನೀಲಿಯ ಕುರಿತು ‘ನೇಚರ್’ ಪತ್ರಿಕೆಗೆ ಅವರು ಬರೆದ ಟಿಪ್ಪಣಿಯ ಕೆಳಗಿರುವ ವಿಳಾಸ ‘ಎಸ್.ಎಸ್. ನಾರ್ಕುಂಡಾ, ಬೊಂಬಾಯಿ ಬಂದರು’, ತಾರೀಖು ಸೆಪ್ಟೆಂಬರ್ 26. ಹಡಗಿನಿಂದ ಇಳಿಯುವುದಕ್ಕೂ ಕಾಯಲಿಲ್ಲ.

ಸಮುದ್ರದ ನೀಲಿಯಿಂದ ಹೊರಟ ಪ್ರಶ್ನೆಯನ್ನು ಕಲ್ಕತ್ತೆಯಲ್ಲಿ ಒಬ್ಬೊಬ್ಬ ಶಿಷ್ಯನಿಗೆ ಒಂದೊಂದು ತುಣುಕಾಗಿ ಹಂಚಿದರು. ಈ ದ್ರವ ನಿನಗೆ, ಆ ಅನಿಲ ಅವನಿಗೆ ಎಂಬಂತೆ. ನೀರಿನಲ್ಲಿ ಚದುರುವ ಬೆಳಕನ್ನು ನೋಡುತ್ತಿದ್ದ ಕೆ.ಆರ್. ರಾಮನಾಥನ್ 1923ರಲ್ಲಿ ಬಣ್ಣ ಬದಲಿಸಿದ ಕ್ಷೀಣವಾದ ಬೆಳಕೊಂದನ್ನು ಕಂಡರು. ನೀರಿನ ಕಶ್ಮಲದಿಂದ ಬಂದ ಪ್ರತಿದೀಪ್ತಿ ಇರಬೇಕೆಂದು ಮತ್ತೆ ಮತ್ತೆ ಶುದ್ಧಿ ಮಾಡಿದರು, ಅದು ಹೋಗಲಿಲ್ಲ. ದುರ್ಬಲ ಪ್ರತಿದೀಪ್ತಿ ಎಂದೇ ದಾಖಲಿಸಿದರು. ಐದು ವರ್ಷಗಳ ಬಳಿಕ, 1928ರ ಫೆಬ್ರವರಿಯಲ್ಲಿ, ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅದನ್ನೇ ಹೊಸ ವಿದ್ಯಮಾನವೆಂದು ತೋರಿಸಿದರು. ಸಣ್ಣ ಕೆಲಸವೊಂದನ್ನು ನಿಷ್ಠೆಯಿಂದ ಮಾಡಿ, ಅರ್ಥವಾಗದ ಉಳಿಕೆಯನ್ನು ಮುಚ್ಚಿಡದೆ ಬರೆದಿಡುವುದರ ಬೆಲೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆ ಸಂಭ್ರಮ ಇನ್ನೂ ಹಸಿಯಾಗಿದ್ದ 1928ರ ಬೇಸಿಗೆಯಲ್ಲಿಯೇ ರಾಮನ್ ಅವರ ಅಣ್ಣನ ಮಗ, 17 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಮದರಾಸಿನಿಂದ ರಜೆ ಕಳೆಯಲು ಕಲ್ಕತ್ತೆಗೆ ಬಂದದ್ದು. ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ಆನರ್ಸ್ ವಿದ್ಯಾರ್ಥಿ. ಅವನಿಗೆ ಬೇಕಾಗಿದ್ದುದು ಗಣಿತ, ರಾಮಾನುಜನ್ನರ ಹಾದಿ. ಮಗ ಐ.ಸಿ.ಎಸ್. ಆಗಲೆಂದು ಬಯಸಿದ ತಂದೆಯ ಒತ್ತಾಯಕ್ಕೆ ಭೌತಶಾಸ್ತ್ರ ಹಿಡಿದಿದ್ದ. ಚಿಕ್ಕಪ್ಪನ ಪ್ರಯೋಗಾಲಯದಲ್ಲಿ ಬಾಗಿಲು ತೆರೆದಿತ್ತು. ಹೊಸ ಪರಿಣಾಮವನ್ನು ಹಿಡಿದು ಇನ್ನೊಂದು ದ್ರವ, ಇನ್ನೊಂದು ಹರಳು ಎಂದು ರೋಹಿತ ತೆಗೆಯುವ ಕೆಲಸ ಬೇಕಾದಷ್ಟಿತ್ತು. ಯಾವುದನ್ನು ಎತ್ತಿಕೊಂಡಿದ್ದರೂ ಒಂದು ಲೇಖನ ಖಂಡಿತ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಆ ಬೇಸಿಗೆ ಜಗತ್ತಿನಲ್ಲಿ ಅದಕ್ಕಿಂತ ‘ಒಳ್ಳೆಯ’ ಪ್ರಾಜೆಕ್ಟ್ ಇರಲಿಲ್ಲ.

ಹುಡುಗ ಅದನ್ನು ಆರಿಸಲಿಲ್ಲ. ಆ ಪ್ರಯೋಗಾಲಯದ ಮಾತುಕತೆ ಅವನನ್ನು ತುಂಬಿಕೊಂಡಿತು, ಕೃಷ್ಣನ್ ಅವನಿಗೆ ಆತ್ಮೀಯರಾದರು. ಆದರೆ ಅವನು ಹೊರತಂದ ಮೊದಲ ಲೇಖನ, ಅದೇ ವರ್ಷ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಬಂದದ್ದು, ಕಾಂಪ್ಟನ್ ಪರಿಣಾಮದ ಉಷ್ಣಗತಿಶಾಸ್ತ್ರ ಮತ್ತು ನಕ್ಷತ್ರಗಳ ಒಡಲಿಗೆ ಅದರ ಸಂಬಂಧದ ಕುರಿತಾದುದು. ಇದನ್ನು ಎರಡು ಸಲ ಓದಿಕೊಳ್ಳಬೇಕು. ಕಾಂಪ್ಟನ್ ಪರಿಣಾಮ ಆಗ ಕಲ್ಕತ್ತೆಯ ಗಾಳಿಯಲ್ಲಿಯೇ ಇದ್ದ ವಿಷಯ. ಕ್ಷ-ಕಿರಣಗಳಿಗೆ ಕಾಂಪ್ಟನ್ ತೋರಿಸಿದ್ದಕ್ಕೆ ಬೆಳಕಿನಲ್ಲಿ ಜೋಡಿ ಇರಬೇಕೆಂಬ ಹಂಬಲ ರಾಮನ್ನರ ಹುಡುಕಾಟಕ್ಕೆ ಒಂದು ಪ್ರೇರಣೆಯಾಗಿತ್ತು. ನಕ್ಷತ್ರಗಳ ಒಡಲು ಮಾತ್ರ ಬೌಬಜಾರಿನದಲ್ಲ, ಕೇಂಬ್ರಿಜ್ಜಿನ ಎಡಿಂಗ್ಟನ್ನರ ಕ್ಷೇತ್ರ. ಪ್ರಯೋಗಾಲಯದಲ್ಲಿ ಕೇಳಿದ್ದನ್ನೂ ತಾನೊಬ್ಬನೇ ಓದಿಕೊಂಡದ್ದನ್ನೂ ಹುಡುಗ ಒಟ್ಟಿಗೆ ಗಂಟು ಹಾಕಿದ್ದ. ಬೇಕಾಗಿದ್ದುದು ಕಾಗದ, ಪೆನ್ಸಿಲು ಮತ್ತು ಗ್ರಂಥಾಲಯ.

ಆ ಲೇಖನ ದೊಡ್ಡದೇನಲ್ಲ. ಅದನ್ನು ಯಾರೂ ಇಂದು ಓದುವುದಿಲ್ಲ. ಆದರೆ ಅದರಿಂದ ಅವನ ಕೈಯಲ್ಲಿ ಒಂದು ಪ್ರಶ್ನೆ ಉಳಿಯಿತು, ಅದು ಕೆಲವೇ ತಿಂಗಳಲ್ಲಿ ಬೆಲೆ ಬಾಳಿತು. ಅದೇ ವರ್ಷ ಶರತ್ಕಾಲದಲ್ಲಿ ಮ್ಯೂನಿಕ್ಕಿನ ಅರ್ನಾಲ್ಡ್ ಸಾಮರ್‌ಫೆಲ್ಡ್ ಮದರಾಸಿಗೆ ಬಂದರು. ಅವರ ಪುಸ್ತಕವನ್ನು ಅರಗಿಸಿಕೊಂಡಿದ್ದ ಚಂದ್ರಶೇಖರ್ ಅವರು ಇಳಿದುಕೊಂಡಿದ್ದ ಹೋಟೆಲಿಗೇ ಹೋಗಿ ಕಂಡ. ನೀನು ಓದಿರುವ ಭೌತಶಾಸ್ತ್ರ ಹಳತಾಯಿತು, ಆ ಪುಸ್ತಕ ಬಂದ ಮೇಲೆ ಎಲ್ಲ ಬದಲಾಗಿದೆ ಎಂದು ಸಾಮರ್‌ಫೆಲ್ಡ್ ಅವನಿಗೆ ತಿಳಿಸಿದರು. ಬೇರೊಬ್ಬ ಹುಡುಗನಾಗಿದ್ದರೆ ಕುಗ್ಗಿಹೋಗುತ್ತಿದ್ದ. ಲೋಹಗಳಲ್ಲಿನ ಇಲೆಕ್ಟ್ರಾನುಗಳ ಮೇಲೆ ತಾವು ಬರೆದ, ಇನ್ನೂ ಅಚ್ಚಿನ ಕರಡಾಗಿದ್ದ ಲೇಖನವನ್ನು ಅವರು ಅವನಿಗೆ ಕೊಟ್ಟರು. ಫೆರ್ಮಿ ಮತ್ತು ಡಿರಾಕ್ ರೂಪಿಸಿದ ಹೊಸ ಸಂಖ್ಯಾಶಾಸ್ತ್ರ ಅದರಲ್ಲಿತ್ತು.

ಚಂದ್ರಶೇಖರ್ ಆಗ ಮಾಡಿದ್ದು ಬಹಳ ಸರಳ. ತನ್ನ ಹಳೆಯ ಕಾಂಪ್ಟನ್ ಪ್ರಶ್ನೆಗೆ ಈ ಹೊಸ ಸಲಕರಣೆಯನ್ನು ಹಚ್ಚಿದ. ‘ಕಾಂಪ್ಟನ್ ಚದುರಿಕೆ ಮತ್ತು ಹೊಸ ಸಂಖ್ಯಾಶಾಸ್ತ್ರ’ ಎಂಬ ಲೇಖನ ಸಿದ್ಧವಾಯಿತು. ಇದನ್ನು ಯಾರಿಗೆ ಕಳುಹಿಸುವುದು? ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ಕೇಂಬ್ರಿಜ್ಜಿನ ಆರ್.ಎಚ್. ಫೌಲರ್ 1926ರಲ್ಲಿ ಬರೆದ ಲೇಖನ ಕಣ್ಣಿಗೆ ಬಿದ್ದಿತ್ತು. ಅತಿ ಸಾಂದ್ರವಾದ ಶ್ವೇತ ಕುಬ್ಜ ನಕ್ಷತ್ರಗಳಿಗೆ ಇದೇ ಸಂಖ್ಯಾಶಾಸ್ತ್ರವನ್ನು ಫೌಲರ್ ಅನ್ವಯಿಸಿದ್ದರು. 1929ರ ಆರಂಭದಲ್ಲಿ ಲೇಖನ ಕೇಂಬ್ರಿಜ್ಜಿಗೆ ಹೋಯಿತು. ಫೌಲರ್ ಕೆಲವು ತಿದ್ದುಪಡಿ ಸೂಚಿಸಿದರು, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಅದೇ ವರ್ಷ ಪ್ರಕಟವಾಯಿತು. ಲೇಖಕನಿಗೆ ಇನ್ನೂ ಪದವಿ ಬಂದಿರಲಿಲ್ಲ.

ಫೌಲರರ ಆ ಲೇಖನ ಅವನ ಜೊತೆಗೇ ಉಳಿಯಿತು. 1930ರ ಜುಲೈ 31ರಂದು ಬೊಂಬಾಯಿಯಿಂದ ‘ಪಿಲ್ಸ್ನಾ’ ಎಂಬ ಇಟಲಿಯ ಹಡಗು ಹತ್ತಿದಾಗ ಅವನಿಗೆ 19 ವರ್ಷ. ಮಳೆಗಾಲದ ಅರಬ್ಬೀ ಸಮುದ್ರ. ಏಡನ್ ದಾಟುವವರೆಗೆ ಪಯಣ ಹೈರಾಣು ಮಾಡಿತು. ಆಮೇಲೆ ಸಮುದ್ರ ಶಾಂತವಾದಾಗ ಫೌಲರರ ಸಿದ್ಧಾಂತಕ್ಕೆ ಐನ್‌ಸ್ಟೈನರ ಸಾಪೇಕ್ಷತೆಯನ್ನು ಸೇರಿಸಿ ನೋಡಿದ. ಶ್ವೇತ ಕುಬ್ಜವೊಂದು ತಾಳಬಲ್ಲ ದ್ರವ್ಯರಾಶಿಗೆ ಮಿತಿಯೊಂದಿದೆ ಎಂಬ ಫಲ ಬಂತು. ಸೂರ್ಯನ ಸುಮಾರು 1.4 ಪಟ್ಟು ಎಂದು ಇಂದು ನಾವು ಹೇಳುವ ಚಂದ್ರಶೇಖರ್ ಮಿತಿ ಇದು. ಎಡಿಂಗ್ಟನ್ನರೊಡನೆ ನಡೆದ ವಿವಾದ, 1983ರ ನೊಬೆಲ್ ಬಹುಮಾನ ಇವು ಪಠ್ಯಪುಸ್ತಕಗಳಲ್ಲಿವೆ. ಕಲ್ಕತ್ತೆಯ ಆ ರಜೆಯಿಂದ ಈ ಹಡಗಿನವರೆಗೆ ಎಳೆಯೊಂದು ಕಡಿಯದೆ ಬಂದಿರುವುದು ಮಾತ್ರ ಅಲ್ಲಿ ಕಾಣುವುದಿಲ್ಲ.

ಚಂದ್ರಶೇಖರನಿಗೆ ಚಿಕ್ಕಪ್ಪನ ಮನೆಯ ಬಾಗಿಲು ಇತ್ತು ಎಂದೆ. ಆಯ್ಕೆಯ ಮಾತನಾಡುವಾಗ ಬಾಗಿಲಿನ ಮಾತನ್ನು ಬಿಡಲಾಗದು. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾಗಿ ತೇರ್ಗಡೆಯಾದ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಅಲ್ಲಿ ನಿರ್ದೇಶಕರಾಗಿದ್ದವರು ಇದೇ ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಒಲ್ಲೆನೆಂದರು. ಆಕೆಯ ತಂದೆ ಮತ್ತು ದೊಡ್ಡಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ಆಕೆ ಬೆಂಗಳೂರಿಗೇ ಹೋಗಿ ಪಟ್ಟು ಹಿಡಿದು ಕೂತ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು, ಮುಂದೆ 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ಮದುವೆಯ ಬಳಿಕದ ಕಮಲಾ ಸೊಹೋನಿ ಎಂಬ ಹೆಸರಿನಿಂದ ಮುಂಬೈಯವರಿಗೆ ಅವರ ಪರಿಚಯವಿರಬಹುದು. ಆ ವರ್ಷವಿಡೀ ಆಕೆಯ ಮುಂದಿದ್ದ ಲೆಕ್ಕ ಪರ್ಕಿನ್ನನದೂ ಅಲ್ಲ, ಚಂದ್ರಶೇಖರನದೂ ಅಲ್ಲ. ತಾನು ಸೋತರೆ ಮುಂದೆ ಬರಬಹುದಾದ ಹೆಣ್ಣುಮಕ್ಕಳಿಗೂ ಬಾಗಿಲು ಮುಚ್ಚುತ್ತದೆ ಎಂದಿರುವಾಗ ಪ್ರಶ್ನೆಯನ್ನು ಆರಿಸುವ ಸ್ವಾತಂತ್ರ್ಯ ಎಷ್ಟು ಉಳಿದೀತು! ರಜೆಯ ಸಂಶೋಧನೆಗೆ ಧೈರ್ಯವಾಗಿ ಕಠಿಣವಾದುದನ್ನೇ ಆರಿಸಿಕೊಳ್ಳಿ ಎಂದು ಉಪದೇಶಿಸುವವರು ಇದನ್ನು ನೆನಪಿಡಬೇಕು. ಸೋಲುವ ಸೌಕರ್ಯ ಎಲ್ಲರಿಗೂ ಸಮನಾಗಿ ಹಂಚಿಲ್ಲ.

ಇಂದಿನ ಬೇಸಿಗೆ ಯೋಜನೆಗಳಲ್ಲಿ ಪ್ರಶ್ನೆ ಬಹುಮಟ್ಟಿಗೆ ಮಾರ್ಗದರ್ಶಕರದೇ. ಅದರಲ್ಲಿ ಅನ್ಯಾಯವೇನೂ ಇಲ್ಲ. ಉಪಕರಣ ಅವರದು, ಎಂಟು ವಾರದಲ್ಲಿ ಏನಾಗಬಹುದೆಂಬ ಅಂದಾಜೂ ಅವರಿಗೇ ಹೆಚ್ಚು. ಆದರೆ ಕೆಲಸ ಒಪ್ಪಿಕೊಳ್ಳುವ ಮೊದಲು ವಿದ್ಯಾರ್ಥಿ ಕೇಳಬಹುದಾದ ಮಾತುಗಳಿವೆ. ಮೊದಲ ವಾರದ ಕೊನೆಗೆ ನನ್ನ ಕೈಯಲ್ಲಿ ಏನಿರುತ್ತದೆ? ಇದು ತಪ್ಪು ದಾರಿಯಾದರೆ ಅದು ಯಾವ ದಿನ ಗೊತ್ತಾಗುತ್ತದೆ? ಉಪಕರಣ ಕೆಟ್ಟರೆ, ಮಾದರಿ ಬಾರದಿದ್ದರೆ ಕಾಗದದ ಮೇಲೆ ಮಾಡಬಹುದಾದ ಭಾಗ ಯಾವುದು? ಇಂಥ ಪ್ರಶ್ನೆಗೆ ಸಿಡುಕುವ ಮಾರ್ಗದರ್ಶಕರ ಬಳಿ, ಸಂಸ್ಥೆ ಎಷ್ಟೇ ದೊಡ್ಡದಿರಲಿ, ಎಂಟು ವಾರ ಕಳೆಯಬಾರದೆಂದು ನನ್ನ ಅಭಿಪ್ರಾಯ. ಸಣ್ಣ ಕಾಲೇಜಿನ ಅಧ್ಯಾಪಕರೊಬ್ಬರು ಕೂತು ಮಾತಾಡುವವರಾದರೆ, ಊರ ಕೆರೆಯ ನೀರಿನ ಮೇಲೆ ಅವರ ಜೊತೆ ಮಾಡುವ ಕೆಲಸವೇ ಮೇಲು. ಇದನ್ನು ಮುಂಬೈಯ ತಂದೆತಾಯಂದಿರು ಸುಲಭವಾಗಿ ಒಪ್ಪಲಾರರೆಂದೂ ಬಲ್ಲೆ. ಬಯೋಡೇಟಾದಲ್ಲಿ ಕೆರೆಗೆ ಸ್ಥಳವಿಲ್ಲ.

ರಜೆ ಮುಗಿದಾಗ ವರದಿಯಲ್ಲಿ ಬರೆಯಲು ಏನೂ ಇಲ್ಲವೆಂದು ಸಂಕಟಪಡುವವರಿಗೆ ಪರ್ಕಿನ್ನನ ಕಥೆಯ ಒಂದು ತುಣುಕು ಉಳಿದಿದೆ. ಕ್ವಿನೈನ್ ಅವನ ಮೊದಲ ಪ್ರಶ್ನೆಯಾಗಿರಲಿಲ್ಲ. ಅದಕ್ಕೂ ಮುಂಚೆ, ಕಾಲೇಜಿನಲ್ಲಿ ಮೊತ್ತಮೊದಲು, ಹಾಫ್‌ಮನ್ ಅವನಿಗೆ ಕೊಟ್ಟದ್ದು ಕಲ್ಲಿದ್ದಲಿನ ಟಾರಿನಲ್ಲಿ ಸಿಗುವ ಆಂತ್ರಸೀನ್ ಎಂಬ ವಸ್ತುವನ್ನು. ಬೆನ್ಜೀನಿನಿಂದ ಅನಿಲೀನ್ ಪಡೆಯುವಂತೆ ಇದರಿಂದಲೂ ಒಂದು ಪ್ರತ್ಯಾಮ್ಲ ಪಡೆಯಬೇಕಿತ್ತು. ಆಗ ಎಲ್ಲರೂ ನಂಬಿದ್ದ ಆಂತ್ರಸೀನಿನ ಸೂತ್ರವೇ ತಪ್ಪಾಗಿತ್ತು, ಅವನ ವಿಶ್ಲೇಷಣೆಯ ಯಾವ ಅಂಕಿಯೂ ಅದಕ್ಕೆ ಹೊಂದಲಿಲ್ಲ. ಆ ಕೆಲಸ ಅಲ್ಲಿಗೇ ನಿಂತಿತು, ಅದನ್ನು ಬದಿಗಿಟ್ಟು ಬೇರೆಯದಕ್ಕೆ ಹೋದ. 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ಇಬ್ಬರು ಜರ್ಮನರು ಕೆಂಪು ಬಣ್ಣದ ಅಲಿಜರಿನ್ ಆಂತ್ರಸೀನಿನಿಂದ ಬರುತ್ತದೆಂದು ತೋರಿಸಿದರು. ಯೂರೋಪಿನ ಮ್ಯಾಡರ್ ಬೇರಿನಲ್ಲಿ, ನಮ್ಮ ಚೋಳಮಂಡಲ ಕರಾವಳಿಯ ಬಟ್ಟೆಗಳಿಗೆ ಹೆಸರು ತಂದ ಚಾಯ್ ಬೇರಿನಲ್ಲಿ ಇರುವ ಕೆಂಪು ಅದೇ. ಅದನ್ನು ಅಗ್ಗವಾಗಿ ತಯಾರಿಸುವ ದಾರಿಗಾಗಿ ಎಲ್ಲರೂ ಓಡತೊಡಗಿದಾಗ, ಆಂತ್ರಸೀನನ್ನು ಕೈಯಲ್ಲಿ ಹಿಡಿದು ಹೆಣಗಿದ ಅನುಭವ ಇಂಗ್ಲೆಂಡಿನಲ್ಲಿ ಪರ್ಕಿನ್ನನಿಗಿತ್ತು. ಹಳೆಯ ಸೀಸೆಗಳೂ ಇನ್ನೂ ಅವನ ಬಳಿ ಇದ್ದವು. 1869ರ ಜೂನ್ 26ರಂದು ಅವನು ಲಂಡನ್ನಿನಲ್ಲಿ ತನ್ನ ಅಲಿಜರಿನ್ ವಿಧಾನಕ್ಕೆ ಪೇಟೆಂಟ್ ಕೇಳಿದ. ಜರ್ಮನರ ಅರ್ಜಿ ಅದೇ ಕಚೇರಿಗೆ ಹಿಂದಿನ ದಿನವಷ್ಟೇ ಬಂದಿತ್ತು.